ಹಲವು ಮೇಜುಗಳಿಗೊಂದು ಮುದ್ರಕ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಕಣ್ಣಾರೆ ಕಾಣದ ವಾಚಕರೂ ಅದರ ಕೆಂಬಣ್ಣವನ್ನು ತಮ್ಮ ಮನೆಯ ಸಾರಿನಲ್ಲಿ ಕಂಡೇ ಇರುವರು. ಸುಗ್ಗಿಯ ಕಾಲದಲ್ಲಿ ಟೆಂಡರಿನ ದಿವಸ ಆ ಪೇಟೆಯಲ್ಲಿ ಕಾಲಿಡಲು ಸ್ಥಳ ಸಿಕ್ಕುವದಿಲ್ಲ. ಧಾರವಾಡ, ಗದಗ, ಬಳ್ಳಾರಿ, ರಾಯಚೂರು ಸೀಮೆಗಳಿಂದಲೂ ಆಂಧ್ರದ ಕಡೆಯಿಂದಲೂ ಬಂದ ಚೀಲಗಳು ಅಂಗಡಿಗಳ ಮುಂದೆ ಗೋಡೆ ಕಟ್ಟಿದಂತೆ ನಿಂತಿರುವವು. ಹೊರಗೆ ಹಮಾಲರ ಕೂಗು, ಲಾರಿಗಳ ಗದ್ದಲ, ಮೂಗಿಗೇರುವ ಘಾಟು. ಒಳಗೆ ದಲಾಲಿ ಅಂಗಡಿಯ ಗುಮಾಸ್ತರು ಕಂಪ್ಯೂಟರುಗಳ ಮುಂದೆ ಕುಳಿತು, ಯಾರ ಮಾಲು ಎಷ್ಟು ತೂಗಿತು, ಯಾವ ದರಕ್ಕೆ ಹೋಯಿತು, ಒಟ್ಟು ಹಣವೆಷ್ಟಾಯಿತು ಎಂಬ ಪಟ್ಟಿಯನ್ನು ಸಿದ್ಧಪಡಿಸುತ್ತಿರುವರು. ಆ ಪಟ್ಟಿಯು ಅಚ್ಚಾಗಿ ರೈತನ ಕೈಗೆ ಬಂದಾಗಲೇ ಅವನ ವರ್ಷದ ದುಡಿಮೆಗೆ ಒಂದು ಮುಕ್ತಾಯ ಬರುವದು.

ನಾನು ಇಂಥ ಅಂಗಡಿಗಳ ಲೆಕ್ಕಪತ್ರ ನೋಡುವವನು. ಮನೆ ಹಾವೇರಿಯಲ್ಲಿ, ಕೆಲಸವು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು, ಈ ಮೂರೂ ಊರುಗಳಲ್ಲಿ. ಒಂದೇ ರೈಲುದಾರಿಯ ಮೇಲೆ ಒಂದರ ಮುಂದೊಂದು ಬರುವ ಊರುಗಳಾದುದರಿಂದ ತಿರುಗಾಟಕ್ಕೆ ತೊಂದರೆಯಿಲ್ಲ. ಲೆಕ್ಕ ಬಲ್ಲವನಿಗೆ ಕಂಪ್ಯೂಟರೂ ಬರಲೇಬೇಕೆಂಬ ನಂಬಿಗೆಯು ನಮ್ಮ ಕಡೆಯ ಸಾವುಕಾರರಲ್ಲಿ ಬೇರೂರಿಬಿಟ್ಟಿದೆ. ಆದುದರಿಂದ ಲೆಕ್ಕ ಮುಗಿಸಿ ಏಳುವಷ್ಟರಲ್ಲಿ, "ರಾಯರ, ಈ ಪ್ರಿಂಟರೂ ಒಂದೀಟು ನೋಡಿ ಹೋಗ್ರಿ" ಎಂಬ ಮಾತು ಬಂದೇ ಬರುವದು. ಹೀಗೆ ನೋಡುತ್ತ ನೋಡುತ್ತ, ತಪ್ಪುತ್ತ ತಿದ್ದಿಕೊಳ್ಳುತ್ತ ಕಲಿತ ಸಂಗತಿಗಳನ್ನೇ ಇಲ್ಲಿ ಅರಿಕೆ ಮಾಡಿಕೊಳ್ಳುವೆನು.

ಕೆಲವು ಸುಗ್ಗಿಗಳ ಹಿಂದಿನ ಮಾತು. ಬ್ಯಾಡಗಿಯ ಒಂದು ಅಂಗಡಿಯಲ್ಲಿ ಮೂರು ಕಂಪ್ಯೂಟರುಗಳಿದ್ದವು. ಪ್ರಿಂಟರು ಮಾತ್ರ ಒಂದೇ. ಸಾವುಕಾರರು ಹಳೆಯದನ್ನು ತೆಗೆದು, ತಂತಿಯ ಜಾಲಕ್ಕೆ ನೇರವಾಗಿ ಕೂಡಿಸಬಹುದಾದ ಹೊಸ ಲೇಸರ್ ಪ್ರಿಂಟರನ್ನು ಕೊಂಡು ತಂದರು. ಅದನ್ನು ಮೂರೂ ಕಂಪ್ಯೂಟರುಗಳಿಗೆ ಹೊಂದಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತು. ಹೊಂದಿಸಿದೆನು. ಮೂರೂ ಮೇಜುಗಳಿಂದ ಪರೀಕ್ಷೆಯ ಹಾಳೆ ಕಳಿಸಿದೆವು. ಮೂರೂ ಸ್ಪಷ್ಟವಾಗಿ ಅಚ್ಚಾಗಿ ಬಂದವು. ಎಲ್ಲರಿಗೂ ಸಂತೋಷ. ನಾನು ಚಹ ಕುಡಿದು, ರೈಲಿಗೆ ಹೊತ್ತಾಯಿತೆಂದು ಎದ್ದುಹೋದೆನು. ಆ ಅವಸರದಲ್ಲಿ ಐದು ನಿಮಿಷದ ಒಂದು ಕೆಲಸ ಉಳಿದುಹೋಗಿತ್ತು. ಅದು ಯಾವುದೆಂಬುದನ್ನು ಮುಂದೆ ಹೇಳುವೆನು.

ಎರಡು ವಾರಗಳ ತರುವಾಯ ಒಂದು ಗುರುವಾರ ಸಾಯಂಕಾಲ ಪೇಟೆಯಲ್ಲಿ ಕರೆಂಟು ಹೋಯಿತು. ಅರ್ಧ ತಾಸಿನ ಮೇಲೆ ಬಂದಿತು. ಕಂಪ್ಯೂಟರುಗಳು ಯುಪಿಎಸ್ಸಿನ ಬಲದಿಂದ ನಡೆದೇ ಇದ್ದವು. ಆದರೆ ಪ್ರಿಂಟರು ಮೌನ ಧರಿಸಿತು. ದೀಪ ಉರಿಯುತ್ತಿದೆ, ಕಾಗದವಿದೆ, ಮಸಿಯಿದೆ. ಕಂಪ್ಯೂಟರು ಮಾತ್ರ "ಆಫ್‌ಲೈನ್" ಎನ್ನುವದು. ನನಗೆ ಫೋನು ಬಂದಿತು. ಆರಿಸಿ ಹಚ್ಚಿರೆಂದು, ತಿಳಿಯದವರೆಲ್ಲರೂ ಹೇಳುವ ಉಪಾಯವನ್ನೇ ನಾನೂ ಹೇಳಿದೆನು. ಆರಿಸಿ ಹಚ್ಚಿದರು, ಫಲವಿಲ್ಲ. ಅಷ್ಟರಲ್ಲಿ ರಾತ್ರಿಯಾಗಿತ್ತು. ಅಂಗಡಿಯಲ್ಲಿ ಪಟ್ಟಿಗಾಗಿ ಕಾಯುತ್ತಿದ್ದವರಲ್ಲಿ ಹತ್ತಿರದ ಊರವರು ನಾಳೆ ಬರುತ್ತೇವೆಂದು ಹೋದರು. ರೋಣದ ಕಡೆಯ ಒಬ್ಬ ರೈತನು ಮಾತ್ರ ಉಳಿದನು. ಕೈಯಿಂದ ಬರೆದುಕೊಡುವೆವೆಂದು ಗುಮಾಸ್ತರು ಹೇಳಿದರೂ ಅವನು ಒಪ್ಪಲಿಲ್ಲ. ಕೊನೆಯ ಬಸ್ಸು ಹೋಯಿತು. ಅವನು ಖಾಲಿ ಚೀಲಗಳನ್ನು ಹಾಸಿಕೊಂಡು ಅಂಗಡಿಯ ಕಟ್ಟೆಯ ಮೇಲೆಯೇ ಮಲಗಿದನು.

ಮುಂಜಾನೆ ನಾನು ಹೋದಾಗ ಅವನು ಎದ್ದು ಕುಳಿತಿದ್ದನು. ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಕೈಬರಹದ ಚೀಟಿ ಯಾಕೆ ಬೇಡವಾಯಿತೆಂದು ಕೇಳಿದ್ದಕ್ಕೆ ಹೇಳಿದನು:

"ರೊಕ್ಕ ಬ್ಯಾಂಕಿಗೆ ಬರತೈತಿ, ಅದು ಖರೇರಿ. ಆದರ ಈ ಮಾಲಿನಾಗ ನಮ್ಮಣ್ಣಂದೂ ಪಾಲ ಐತಿ. ತೂಕ ಎಷ್ಟು, ದರ ಎಷ್ಟು ಅಂತ ಅವನ ಮುಂದ ಇಡಾಕ ಅಚ್ಚಾದ ಚೀಟಿ ಬೇಕ್ರಿ. ಕೈಲೆ ಬರದದ್ದು ಒಯ್ದರ, ಬರಿಸಿಕೊಂಡು ಬಂದೀ ಅಂತಾನ."

ಈ ಮಾತು ನನ್ನ ಎದೆಗೆ ನಾಟಿತು. ದರದ ಸಂಗತಿಯು ಮನುಷ್ಯರ ಮನಸ್ಸನ್ನು ಎಷ್ಟು ಕದಡಬಲ್ಲುದೆಂಬುದನ್ನು ಇದೇ ಪೇಟೆಯು ಕಂಡಿದೆ. 2024ನೆಯ ಇಸವಿ ಮಾರ್ಚ್ 11ರಂದು ಮೆಣಸಿನಕಾಯಿಯ ದರ ಕುಸಿದುದರಿಂದ ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು. ವಾಹನಗಳು ಬೆಂಕಿಗೆ ಆಹುತಿಯಾದವು. ದರವನ್ನು ಏರಿಸುವದು ಇಳಿಸುವದು ಗುಮಾಸ್ತನ ಕೈಯಲ್ಲಿಲ್ಲ. ಆದರೆ ನಿಂತ ದರವನ್ನು, ತೂಗಿದ ತೂಕವನ್ನು, ಸಂಶಯಕ್ಕೆ ಎಡೆಯಿಲ್ಲದಂತೆ ಆ ಹೊತ್ತಿಗೇ ಅಚ್ಚುಮಾಡಿ ಕೊಡುವದು ಅವನ ಕೈಯಲ್ಲಿದೆ. ಅಣ್ಣತಮ್ಮಂದಿರ ನಡುವಿನ ವಿಶ್ವಾಸವು ಒಂದು ಹಾಳೆಯ ಮೇಲೆ ನಿಂತಿರುವಾಗ ಆ ಹಾಳೆಯನ್ನು ಹೊರಡಿಸುವ ಯಂತ್ರವನ್ನು ಅಲಕ್ಷಿಸಬಹುದೆ?

ಹಾಗಾದರೆ ಆ ಸಾಯಂಕಾಲ ಪ್ರಿಂಟರಿಗೆ ಏನಾಗಿತ್ತು? ಇದನ್ನು ಅರಿಯಬೇಕಾದರೆ ಒಂದೇ ಪ್ರಿಂಟರು ಹಲವು ಕಂಪ್ಯೂಟರುಗಳ ಮಾತನ್ನು ಹೇಗೆ ಕೇಳುವದೆಂಬುದನ್ನು ಮೊದಲು ತಿಳಿಯಬೇಕು.

ನಮ್ಮ ಊರುಗಳಲ್ಲಿ ಯಾವ ಕಾಗದದ ಪ್ರತಿ ತೆಗೆದರೂ ಅದಕ್ಕೆ 'ಝೆರಾಕ್ಸ್' ಎಂದೇ ಹೆಸರು. ಆ ಹೆಸರಿನ ಅಮೇರಿಕೆಯ ಕಂಪನಿಯು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಒಂದು ಸಂಶೋಧನಾಲಯವನ್ನು ನಡಿಸುತ್ತಿತ್ತು. ಅಲ್ಲಿ 1971ರಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಎಂಬವರು ಲೇಸರ್ ಕಿರಣದಿಂದ ಅಚ್ಚುಹಾಕುವ ಯಂತ್ರವನ್ನು ಸಿದ್ಧಪಡಿಸಿದರು. ಯಂತ್ರವು ಒಂದು, ಅದನ್ನು ಬಳಸಬೇಕೆನ್ನುವ ಮೇಜುಗಳು ಅನೇಕ. ಆಗ 1973ರಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬವರು ಆ ಕಂಪ್ಯೂಟರುಗಳನ್ನೂ ಅಚ್ಚಿನ ಯಂತ್ರವನ್ನೂ ಒಂದೇ ತಂತಿಗೆ ಪೋಣಿಸುವ 'ಈಥರ್‌ನೆಟ್' ಎಂಬ ಪದ್ಧತಿಯನ್ನು ಯೋಚಿಸಿದರು. ಇಂದು ಜಗತ್ತಿನ ಕಚೇರಿಗಳನ್ನೆಲ್ಲ ಹೆಣೆದಿರುವ ಆ ತಂತಿಯು ಹುಟ್ಟಿದ ಕಾಲಕ್ಕೆ ಅದರ ಮುಖ್ಯ ಕೆಲಸಗಳಲ್ಲೊಂದು ಇದೇ ಆಗಿತ್ತು: ಹಲವು ಮೇಜುಗಳಿಗೆ ಒಂದು ಮುದ್ರಕವನ್ನು ಒದಗಿಸುವದು. ಆದುದರಿಂದ ಬ್ಯಾಡಗಿಯ ಅಂಗಡಿಯಲ್ಲಿ ನಾವು ಪಟ್ಟ ಪಾಡು ಹೊಸದಲ್ಲ; ಈ ವಿದ್ಯೆಯು ಹುಟ್ಟಿದಂದಿನಿಂದಲೂ ಇರುವಂಥದೇ.

ತಂತಿಯೊಂದೇ ಸಾಲದು, ವಿಳಾಸವೂ ಬೇಕು. ಅಂಚೆಯ ಉದಾಹರಣೆಯಿಂದ ಇದು ಸುಲಭವಾಗಿ ತಿಳಿಯುವದು. ನಮ್ಮ ದೇಶದಲ್ಲಿ 1972ರಿಂದ ಆರಂಕಿಯ ಪಿನ್ ಕೋಡು ನಡೆದುಬಂದಿದೆ. ಹಾವೇರಿಗೆ 581110, ಬ್ಯಾಡಗಿಗೆ 581106, ರಾಣೇಬೆನ್ನೂರಿಗೆ 581115. ಮೊದಲಿನ 581 ಎಂಬುದು ಮೂರಕ್ಕೂ ಸಮಾನ. ಅದು ಸೀಮೆಯನ್ನು ಹೇಳುವದು. ಕೊನೆಯ ಮೂರು ಅಂಕಿಗಳು ಇಂಥ ಅಂಚೆಯ ಕಚೇರಿಯೆಂದು ಗೊತ್ತುಮಾಡುವವು. ಕಚೇರಿಯ ಜಾಲದಲ್ಲಿಯೂ ಪ್ರತಿಯೊಂದು ಯಂತ್ರಕ್ಕೆ ಇಂಥದೇ ಒಂದು ವಿಳಾಸವಿರುವದು. ಅದಕ್ಕೆ ಐಪಿ ವಿಳಾಸವೆಂದು ಹೆಸರು. ಒಂದು ಕಂಪ್ಯೂಟರಿಗೆ 192.168.1.11, ಇನ್ನೊಂದಕ್ಕೆ 192.168.1.12, ಪ್ರಿಂಟರಿಗೆ 192.168.1.20, ಹೀಗೆ. ಸಣ್ಣ ಕಚೇರಿಗಳಲ್ಲಿ ಸಾಮಾನ್ಯವಾಗಿ ಮೊದಲಿನ ಮೂರು ಭಾಗಗಳು ಎಲ್ಲಕ್ಕೂ ಒಂದೇ. ಕೊನೆಯ ಭಾಗ ಮಾತ್ರ ಬೇರೆ ಬೇರೆ. 192.168 ಎಂದು ಮೊದಲಾಗುವ ಅಂಕಿಗಳನ್ನು ಮನೆಯೊಳಗಿನ, ಕಚೇರಿಯೊಳಗಿನ ಉಪಯೋಗಕ್ಕೆಂದೇ ತೆಗೆದಿರಿಸಲಾಗಿದೆ. ಊರೂರಿಗೊಂದು ಹಳೇಪೇಟೆ ಇದ್ದರೂ ಯಾರೂ ದಾರಿ ತಪ್ಪದಿರುವಂತೆ, ಇದೇ ಅಂಕಿಯು ಹಾವೇರಿಯ ಕಚೇರಿಯಲ್ಲಿಯೂ ಬ್ಯಾಡಗಿಯ ಅಂಗಡಿಯಲ್ಲಿಯೂ ಇದ್ದರೆ ಬಾಧಕವಿಲ್ಲ.

ಈ ವಿಳಾಸಗಳನ್ನು ಹಂಚುವದು ರೌಟರೆಂಬ ಪೆಟ್ಟಿಗೆಯ ಕೆಲಸ. ಇಂಟರ್‌ನೆಟ್ ತಂತಿಯು ಬಂದು ಸೇರುವ, ಮಿಣಮಿಣ ದೀಪಗಳುಳ್ಳ ಆ ಚಿಕ್ಕ ಪೆಟ್ಟಿಗೆಯನ್ನು ಎಲ್ಲರೂ ನೋಡಿರುವರು. ಛತ್ರದ ಮುನೀಮನು ಬಂದ ಬಂದವರಿಗೆ ಖಾಲಿಯಿದ್ದ ಕೋಣೆಯನ್ನು ಕೊಡುವಂತೆ, ಅದು ಬಂದ ಬಂದ ಯಂತ್ರಕ್ಕೆ ಖಾಲಿಯಿದ್ದ ವಿಳಾಸವನ್ನು ಕೊಡುತ್ತ ಹೋಗುವದು. ಕೊಟ್ಟ ಕೋಣೆಯೂ ಶಾಶ್ವತವಲ್ಲ. ಕೆಲವು ಹೊತ್ತಿನ ಮಟ್ಟಿಗೆ ಮಾತ್ರ. ಕಂಪ್ಯೂಟರು, ಮೊಬೈಲುಗಳಿಗೆ ಇದರಿಂದ ತೊಂದರೆಯಿಲ್ಲ. ಅವು ಬೇರೆಯವರನ್ನು ಹುಡುಕಿಕೊಂಡು ಹೋಗುವವೇ ಹೊರತು ಅವನ್ನು ಹುಡುಕಿಕೊಂಡು ಬರುವವರು ವಿರಳ. ಪ್ರಿಂಟರಿನ ಸಂಗತಿ ಹಾಗಲ್ಲ. ಎಲ್ಲರೂ ಅದನ್ನೇ ಹುಡುಕಿಕೊಂಡು ಬರತಕ್ಕವರು. ಹುಡುಕಿಕೊಂಡು ಬರುವವರಿಗೆ ಮನೆಯ ನಂಬರು ದಿನಕ್ಕೊಂದಾದರೆ ಹೇಗೆ?

ಆ ಗುರುವಾರ ನಡೆದುದು ಇದೇ. ರೌಟರಿಗಾಗಲಿ ಪ್ರಿಂಟರಿಗಾಗಲಿ ಯುಪಿಎಸ್ಸಿನ ಆಸರೆಯಿರಲಿಲ್ಲ. ಕರೆಂಟು ಹೋದಾಗ ರೌಟರು ತನ್ನ ಹಂಚಿಕೆಯ ಯಾದಿಯನ್ನು ಮರೆಯಿತು. ಬಂದಾಗ ಹೊಸದಾಗಿ ಹಂಚತೊಡಗಿತು. ಲೇಸರ್ ಪ್ರಿಂಟರು ಎದ್ದು ಮೈ ಬಿಸಿಮಾಡಿಕೊಳ್ಳುವದು ನಿಧಾನ. ಅಷ್ಟರೊಳಗೆ ಅದರ ಹಳೆಯ ವಿಳಾಸವು ಒಬ್ಬ ಗುಮಾಸ್ತನ ಜೇಬಿನಲ್ಲಿದ್ದ ಮೊಬೈಲಿಗೆ ಹೋಗಿಬಿಟ್ಟಿತು! ಮೂರೂ ಕಂಪ್ಯೂಟರುಗಳು ರೈತನ ಪಟ್ಟಿಯನ್ನು ಆ ಮೊಬೈಲಿನ ಬಾಗಿಲಿಗೆ ಒಯ್ದು ತಟ್ಟುತ್ತಿದ್ದವು, ಒಳಗಿನಿಂದ ಉತ್ತರವಿಲ್ಲ. ಪ್ರಿಂಟರು ಪಕ್ಕದ ಮನೆಯಲ್ಲಿ ಸುಮ್ಮನೆ ಕುಳಿತಿತ್ತು. ನಾನು ಮಾಡದೆ ಬಿಟ್ಟ ಐದು ನಿಮಿಷದ ಕೆಲಸವೆಂದರೆ ಪ್ರಿಂಟರಿಗೆ ಒಂದು ಕಾಯಂ ವಿಳಾಸವನ್ನು ಗೊತ್ತುಮಾಡುವದು. ತಪ್ಪು ಯಂತ್ರದ್ದಲ್ಲ, ನನ್ನದು. ಇದನ್ನು ಆ ರೈತನಿಗೂ ಸಾವುಕಾರರಿಗೂ ಅಲ್ಲಿಯೇ ಹೇಳಿದೆನು. ಕಾಲು ತಾಸಿನಲ್ಲಿ ಸರಿಯಾಯಿತು, ಪಟ್ಟಿ ಅಚ್ಚಾಯಿತು, ಅವನು ಹತ್ತು ಗಂಟೆಯ ಬಸ್ಸಿಗೆ ಹೋದನು.

ಇಂಥ ಕೆಲಸವನ್ನು ತಾವೇ ಮಾಡಬಯಸುವ ವಾಚಕರಿಗಾಗಿ ಅದರ ಕ್ರಮವನ್ನು ಹೇಳುವೆನು. ಮೊದಲು ಪ್ರಿಂಟರನ್ನು ಜಾಲದ ತಂತಿಯಿಂದ ರೌಟರಿಗಾಗಲಿ, ಅದಕ್ಕೆ ಕೂಡಿಸಿದ ಸ್ವಿಚ್ ಪೆಟ್ಟಿಗೆಗಾಗಲಿ ಜೋಡಿಸಬೇಕು. ತಾಮ್ರದ ಈ ತಂತಿಯು 100 ಮೀಟರಿನ ವರೆಗೆ ನೆಚ್ಚಿಗೆಯಿಂದ ಕೆಲಸ ಮಾಡುವದು. ಅಂಗಡಿಗೆ ಅಷ್ಟು ಸಾಕು. ಆ ಮೇಲೆ ಪ್ರಿಂಟರಿನ ಮೆನುವಿನಿಂದಲೇ ಅದರ ಜಾತಕದಂಥ ಒಂದು ಹಾಳೆಯನ್ನು ಅಚ್ಚುಮಾಡಿಸಬಹುದು. ಅದರಲ್ಲಿ ಈಗಿನ ಐಪಿ ವಿಳಾಸವೂ, ಹನ್ನೆರಡು ಅಂಕಿ ಅಕ್ಷರಗಳ ಮ್ಯಾಕ್ ವಿಳಾಸವೂ ಇರುವವು. ಐಪಿ ವಿಳಾಸವು ಬಾಡಿಗೆಯ ಮನೆಯ ನಂಬರಿನಂತೆ ಬದಲಾಗಬಲ್ಲುದು. ಮ್ಯಾಕ್ ವಿಳಾಸವು ಕಾರಖಾನೆಯಲ್ಲಿಯೇ ಬಿದ್ದ ಮುದ್ರೆ. ರೌಟರಿನ ವ್ಯವಸ್ಥೆಯ ಪುಟವನ್ನು ತೆರೆದು, ಇಂಥ ಮ್ಯಾಕ್ ವಿಳಾಸದ ಯಂತ್ರಕ್ಕೆ ಯಾವಾಗಲೂ ಇಂಥ ಐಪಿ ವಿಳಾಸವನ್ನೇ ಕೊಡತಕ್ಕದ್ದೆಂದು ಬರೆದಿಡಬೇಕು. ಇದಕ್ಕೆ 'ಅಡ್ರೆಸ್ ರಿಸರ್ವೇಶನ್' ಎನ್ನುವರು. ಛತ್ರದಲ್ಲಿ ಒಂದು ಕೋಣೆಗೆ ಹೆಸರು ಬರೆಯಿಸಿ ಬೀಗ ಹಾಕಿದಂತೆ ಇದು.

ಇನ್ನು ಕಂಪ್ಯೂಟರಿನ ಕಡೆ. ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ ಪ್ರಿಂಟರುಗಳ ಪುಟವನ್ನು ತೆರೆದು, ಹೊಸದನ್ನು ಕೂಡಿಸುವ ಗುಂಡಿಯನ್ನು ಒತ್ತಬೇಕು. ಕಂಪ್ಯೂಟರು ತಾನಾಗಿ ಹುಡುಕಿ ಕೆಲವು ಹೆಸರುಗಳನ್ನು ತೋರಿಸುವದು. ಅದನ್ನು ನೆಚ್ಚದೆ, ಕೈಯಿಂದ ಕೂಡಿಸುವ ದಾರಿಯನ್ನು ಹಿಡಿದು, ಐಪಿ ವಿಳಾಸದ ಮೂಲಕ ಎಂಬುದನ್ನು ಆರಿಸಿ, ಕಾದಿರಿಸಿದ ವಿಳಾಸವನ್ನು ಬರೆಯುವದು ಲೇಸು. ತಾನಾಗಿ ಹುಡುಕಿದುದು ಕೆಲವು ವೇಳೆ ವಿಳಾಸವನ್ನು ಬಿಟ್ಟು ಬೇರೆ ಗುರುತುಗಳನ್ನು ನೆಚ್ಚುವದುಂಟು; ಅವು ತಪ್ಪಿದಾಗ ಕಾರಣ ತಿಳಿಯುವದು ಕಷ್ಟ. ಬಳಿಕ ಆ ಪ್ರಿಂಟರಿನ ಡ್ರೈವರನ್ನು ಹಾಕಬೇಕು. ಕಂಪ್ಯೂಟರಿನ ಮಾತನ್ನು ಪ್ರಿಂಟರಿಗೆ ತಿಳಿಸುವ ದುಭಾಷಿಯೇ ಡ್ರೈವರು. ಕಡೆಗೆ ಪರೀಕ್ಷೆಯ ಹಾಳೆ. ಹಾಳೆ ಬಂದಿತೆಂದು ಎದ್ದುಹೋಗಬಾರದು. ರೌಟರನ್ನೂ ಪ್ರಿಂಟರನ್ನೂ ಒಮ್ಮೆ ಆರಿಸಿ, ಹಚ್ಚಿ, ಮತ್ತೊಮ್ಮೆ ಪರೀಕ್ಷೆಯ ಹಾಳೆ ತೆಗೆಯಬೇಕು. ಕರೆಂಟು ಹೋಗಿ ಬಂದ ಮೇಲೂ ನಡೆದರೆ ಮಾತ್ರ ಕೆಲಸ ಮುಗಿಯಿತೆಂದು ತಿಳಿಯಬೇಕು. ನಮ್ಮ ಕಡೆಗೆ ಇದಕ್ಕಿಂತ ನಿಜವಾದ ಪರೀಕ್ಷೆ ಬೇರೊಂದಿಲ್ಲ.

ಕರೆಂಟಿನ ಮಾತು ಬಂದುದರಿಂದ ಇನ್ನೊಂದು ಎಚ್ಚರಿಕೆ. ರೌಟರು, ಸ್ವಿಚ್ಚುಗಳನ್ನು ಯುಪಿಎಸ್ಸಿಗೆ ಕೂಡಿಸುವದು ಒಳ್ಳೆಯದು. ಅವು ತಿನ್ನುವ ವಿದ್ಯುತ್ತು ಅತ್ಯಲ್ಪ. ಆದರೆ ಲೇಸರ್ ಪ್ರಿಂಟರನ್ನು ಸಣ್ಣ ಯುಪಿಎಸ್ಸಿಗೆ ಕೂಡಿಸಬಾರದು. ಮಸಿಯ ಪುಡಿಯನ್ನು ಕಾಗದಕ್ಕೆ ಕಾಯಿಸಿ ಅಂಟಿಸುವ ಉರುಳೆಯು ಬಿಸಿಯಾಗುವಾಗ ಒಮ್ಮೆಲೆ ಬಹಳ ವಿದ್ಯುತ್ತನ್ನು ಸೆಳೆಯುವದು; ಸಣ್ಣ ಯುಪಿಎಸ್ಸು ಅದನ್ನು ತಾಳಲಾರದು.

ಇನ್ನು ರಾಣೇಬೆನ್ನೂರಿನ ಕಡೆಗೆ ಹೋಗುವಾ. ಬೀಜದ ವ್ಯಾಪಾರಕ್ಕೆ ಹೆಸರಾದ ಆ ಊರಿನ ಒಂದು ಅಂಗಡಿಯಲ್ಲಿ ಬೇರೊಂದು ಪದ್ಧತಿಯಿತ್ತು. ಅಲ್ಲಿಯ ಪ್ರಿಂಟರಿಗೆ ಜಾಲದ ತಂತಿಯನ್ನು ಚುಚ್ಚುವ ಸೌಕರ್ಯವಿರಲಿಲ್ಲ. ಅದನ್ನು ಮಾಲಕರ ಕೋಣೆಯ ಕಂಪ್ಯೂಟರಿಗೆ ಯುಎಸ್‌ಬಿ ತಂತಿಯಿಂದ ಜೋಡಿಸಿ, ಆ ಕಂಪ್ಯೂಟರಿನ ಮೂಲಕ ಉಳಿದವರಿಗೆ ಹಂಚಿದ್ದರು. ವಿಂಡೋಸಿನಲ್ಲಿ ಪ್ರಿಂಟರಿನ ಹಂಚಿಕೆಯೆಂಬ ಗುರುತು ಹಾಕಿದರೆ ಇದು ಸಾಧ್ಯ. ವೆಚ್ಚವಿಲ್ಲದ ಉಪಾಯವೇ ಸರಿ. ಆದರೆ ಒಂದು ಕೊರತೆಯುಂಟು. ಇಲ್ಲಿ ಮೇಜುಗಳು ಮಾತಾಡುವದು ಪ್ರಿಂಟರಿನೊಡನೆ ಅಲ್ಲ, ನಡುವಿನ ಕಂಪ್ಯೂಟರಿನೊಡನೆ. ಅದು ನಿದ್ರಿಸಿದರೆ ಪ್ರಿಂಟರೂ ನಿದ್ರಿಸಿದಂತೆಯೇ.

ಮುಂಗಾರಿನ ಮೊದಲ ಮಳೆ ಬಿದ್ದ ಒಂದು ದಿವಸ ಮಾಲಕರು ಬೀಗರ ಮನೆಯ ಲಗ್ನಕ್ಕೆ ಹೋದರು. ಕಂಪ್ಯೂಟರನ್ನು ಆರಿಸಿ, ಕೋಣೆಗೆ ಬೀಗ ಹಾಕಿ, ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡು ಹೋದರು. ಹೊರಗೆ ಹೊಲ ಹದಕ್ಕೆ ಬಂದ ರೈತರ ಸಾಲು. ಒಳಗೆ ಬಿಲ್ಲು ಅಚ್ಚಾಗದು. ಬೀಜ ಮೊಳೆಯದೆ ಹೋದರೆ ರೈತನಿಗೆ ದಾದು ಕೇಳಲು ಆ ಬಿಲ್ಲೇ ಮುಖ್ಯ ಆಧಾರ. ಅದನ್ನು ಬಿಟ್ಟು ಚೀಲ ಒಯ್ಯುವದು ಜಾಣತನವಲ್ಲ. ಅಂಗಡಿಯವರು ಆ ದಿನ ಕೈಬರಹದ ಬಿಲ್ಲಿನ ಪುಸ್ತಕವನ್ನು ಹುಡುಕಿ ತೆಗೆದು ಹೇಗೋ ಸಾಗಿಸಿದರು. ಮರುವಾರ ನಾನು ಹೋದಾಗ ಮಾಲಕರೇ ನಗುತ್ತ, "ನಮ್ಮ ಲಗ್ನದ ಊಟ ಮಂದಿಗೆ ಉಪವಾಸ ಆತು ನೋಡ್ರಿ" ಎಂದರು. ಪರಿಹಾರವು ಸರಳ. ಒಂದೋ ನಡುವಿನ ಕಂಪ್ಯೂಟರು ಎಲ್ಲರ ಕೈಗೆ ಸಿಕ್ಕುವ ಸ್ಥಳದಲ್ಲಿ ದಿನವೆಲ್ಲ ಎಚ್ಚರವಾಗಿರಬೇಕು; ಇಲ್ಲವೆ ಮುಂದಿನ ಸಲ ಪ್ರಿಂಟರು ಕೊಳ್ಳುವಾಗ ನೇರವಾಗಿ ಜಾಲಕ್ಕೆ ಸೇರುವಂಥದನ್ನೇ ಕೊಳ್ಳಬೇಕು. ಅವರು ಎರಡನೆಯದನ್ನೇ ಮಾಡಿದರು.

ಮೂರನೆಯದು ನನ್ನ ಊರಾದ ಹಾವೇರಿಯ ಮಾತು. 1997ರಲ್ಲಿ ಹಾವೇರಿಯು ಜಿಲ್ಲೆಯ ಮುಖ್ಯ ಸ್ಥಳವಾದಂದಿನಿಂದ ಕಚೇರಿಗಳೂ, ಅವುಗಳ ಸುತ್ತ ಅರ್ಜಿ ಬರೆಯುವವರೂ, ವಕೀಲರೂ ಹೆಚ್ಚಿದರು. ಅಂಥ ಒಬ್ಬ ವಕೀಲರ ಕಚೇರಿಯಲ್ಲಿ ಎರಡು ಬಗೆಯ ತೊಡಕುಗಳು ಒಮ್ಮೆಲೆ ಕಂಡುಬಂದವು.

ಮೊದಲನೆಯದು ವೈಫೈ ತೊಡಕು. ಕಕ್ಷಿಗಾರರಿಗಾಗಿ ರೌಟರಿನಲ್ಲಿ 'ಗೆಸ್ಟ್' ಎಂಬ ಬೇರೆ ಜಾಲವನ್ನು ತೆರೆದಿದ್ದರು. ಹೊಸ ಗುಮಾಸ್ತನು ತಿಳಿಯದೆ ತನ್ನ ಲ್ಯಾಪ್‌ಟಾಪನ್ನು ಅದಕ್ಕೇ ಕೂಡಿಸಿಕೊಂಡಿದ್ದನು. ಇಂಟರ್‌ನೆಟ್ ಬರುತ್ತಿತ್ತು, ಪ್ರಿಂಟರು ಮಾತ್ರ ಕಾಣುತ್ತಿರಲಿಲ್ಲ. ಪಡಸಾಲೆಯಲ್ಲಿ ಕುಳ್ಳಿರಿಸಿದ ಅತಿಥಿಯು ಅಡಿಗೆಮನೆಯೊಳಕ್ಕೆ ಬಾರದಂತೆ, ಆ ಜಾಲದಲ್ಲಿರುವವರು ಒಳಗಿನ ಯಂತ್ರಗಳನ್ನು ಮುಟ್ಟದಂತೆ ಏರ್ಪಾಡು ಇರುವದು. ಗುಮಾಸ್ತನನ್ನು ಒಳಗಿನ ಜಾಲಕ್ಕೆ ಸೇರಿಸಿದೊಡನೆ ಕೆಲಸವಾಯಿತು. ಇನ್ನೊಂದನ್ನೂ ನೆನಪಿಡಬೇಕು. ವೈಫೈಗೆ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಮುಂತಾದ ಪಟ್ಟಿಗಳುಂಟು. ಅನೇಕ ಪ್ರಿಂಟರುಗಳಿಗೆ ಮೊದಲನೆಯದೊಂದೇ ಗೊತ್ತು. ಸಾಧ್ಯವಿದ್ದಲ್ಲಿ ಪ್ರಿಂಟರಿಗೆ ತಂತಿಯೇ ಮೇಲು.

ಎರಡನೆಯದು ಕನ್ನಡದ ತೊಡಕು. ಇದು ನಮಗೇ ವಿಶೇಷವಾದುದು. ಮುದ್ರಣವೆಂಬುದು ಈ ಸೀಮೆಗೆ ಹೊಸದಲ್ಲ. ಹಾವೇರಿಯ ಹತ್ತಿರದ ಅಗಡಿಯ ಆನಂದವನದಿಂದ ಗಳಗನಾಥರ ಸಂಪಾದಕತ್ವದಲ್ಲಿ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ'ಯು ಶತಮಾನದ ಹಿಂದೆಯೇ ಮನೆಮನೆಗೆ ಕನ್ನಡದ ಅಚ್ಚನ್ನು ಮುಟ್ಟಿಸಿತು. ಅಂಥ ಊರಿನಲ್ಲಿ ವಕೀಲರ ಕನ್ನಡ ಅರ್ಜಿಯು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಅಚ್ಚಾಗಿ ಬಂದಿತು! ಕಾರಣವಿಷ್ಟೆ: ಪ್ರಿಂಟರು ಒಂದೇ ಕಂಪ್ಯೂಟರಿಗೆ ಜೋಡಿಸಿದ್ದ ಕಾಲದ ರೂಢಿಯಂತೆ ಗುಮಾಸ್ತನು ಅರ್ಜಿಯನ್ನು ತನ್ನ ಮೇಜಿನಲ್ಲಿ ಟೈಪು ಮಾಡಿ, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ಅಚ್ಚುಮಾಡಿಸಿದ್ದನು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಪದ್ಧತಿಯ ಅಕ್ಷರಗಳು ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಹೊತ್ತಿರುವವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ ಮೂಲರೂಪವನ್ನು ತೋರಿಸುವವು. ಟೈಪು ಮಾಡಿದ ಕಂಪ್ಯೂಟರಿನಿಂದಲೇ ಜಾಲದ ಮೂಲಕ ಅಚ್ಚುಮಾಡಿಸಿದರೆ ಈ ಅನರ್ಥವಿಲ್ಲ. ಅಕ್ಷರದ ರೂಪವು ಅಲ್ಲಿಯೇ ನಿರ್ಧಾರವಾಗಿ ಪ್ರಿಂಟರಿಗೆ ಹೋಗುವದು. ಯುನಿಕೋಡಿನಲ್ಲಿ ಟೈಪು ಮಾಡುವದು ಇನ್ನೂ ಉತ್ತಮ. ಅದು ಯಾವ ಹೊಸ ಕಂಪ್ಯೂಟರಿನಲ್ಲಿಯೂ ಕನ್ನಡವಾಗಿಯೇ ಕಾಣುವದು. ಬೇರೆ ಊರಿಗೆ ಕಳಿಸತಕ್ಕ ಕಾಗದವನ್ನು ಪಿಡಿಎಫ್ ಮಾಡಿ ಕಳಿಸಬೇಕು. ಪೆನ್‌ಡ್ರೈವು ಮೇಜಿನಿಂದ ಮೇಜಿಗೆ ಅಲೆಯುವದು ನಿಂತರೆ ಅದರೊಡನೆ ಅಲೆಯುವ ವೈರಸ್ಸುಗಳ ಕಾಟವೂ ಕಡಿಮೆಯಾಗುವದು.

ಪ್ರಿಂಟರು ಎಲ್ಲರದಾದ ಮೇಲೆ ಎರಡು ಹೊಸ ಕರ್ತವ್ಯಗಳು ಹುಟ್ಟುವವು. ಒಂದು, ಗುಟ್ಟು ಕಾಯುವದು. ಪಕ್ಕದಲ್ಲಿಯೇ ಇದ್ದ ಪ್ರಿಂಟರಿನಿಂದ ಬಂದ ಹಾಳೆಯನ್ನು ಕೂಡಲೆ ತೆಗೆದುಕೊಳ್ಳುತ್ತಿದ್ದೆವು. ಈಗ ಅದು ದೂರದ ಮೂಲೆಯಲ್ಲಿರುವದು. ಆಧಾರಿನ ಪ್ರತಿ, ಬ್ಯಾಂಕಿನ ಲೆಕ್ಕ, ಕಕ್ಷಿಗಾರನ ಅರ್ಜಿ ಇವು ತಾಸುಗಟ್ಟಲೆ ತಟ್ಟೆಯಲ್ಲಿ ಬಿದ್ದಿದ್ದರೆ ಹಾದುಹೋಗುವವರೆಲ್ಲ ಓದುವರು. ಅಚ್ಚಿಗೆ ಕಳಿಸಿದವನು ಎದ್ದುಹೋಗಿ ತರಬೇಕು. ಕೆಲವು ಪ್ರಿಂಟರುಗಳಲ್ಲಿ ಗುಪ್ತ ಅಂಕಿಯನ್ನು ಒತ್ತಿದಾಗಲೇ ಹಾಳೆ ಬರುವಂತೆ ಮಾಡುವ ಸೌಕರ್ಯವುಂಟು. ಪ್ರಿಂಟರಿನ ವ್ಯವಸ್ಥೆಯ ಪುಟಕ್ಕೂ ಪಾಸ್‌ವರ್ಡು ಇಡಬೇಕು. 2021ರಲ್ಲಿ ವಿಂಡೋಸಿನ ಅಚ್ಚಿನ ಸರದಿಯನ್ನು ನೋಡಿಕೊಳ್ಳುವ ಭಾಗದಲ್ಲಿಯೇ ಕಳ್ಳರು ನುಗ್ಗಬಹುದಾದ ದೊಡ್ಡ ಬಿರುಕು ಕಂಡುಬಂದು, ಮೈಕ್ರೋಸಾಫ್ಟ್ ಕಂಪನಿಯು ಅವಸರದಿಂದ ತಿದ್ದುಪಡಿಗಳನ್ನು ಹೊರಡಿಸಬೇಕಾಯಿತು. ಬರುವ ತಿದ್ದುಪಡಿಗಳನ್ನು ಅಲಕ್ಷಿಸಬಾರದೆಂಬುದಕ್ಕೆ ಇಷ್ಟು ಸಾಕು.

ಇನ್ನೊಂದು, ದೂರದ ಯಂತ್ರದ ಯೋಗಕ್ಷೇಮ. 1980ರ ಸುಮಾರಿಗೆ ಅಮೇರಿಕೆಯ ಎಂಐಟಿ ವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಒಂದು ಪ್ರಿಂಟರು ಪದೇ ಪದೇ ಕಾಗದ ಸಿಕ್ಕಿಸಿಕೊಂಡು ನಿಲ್ಲುತ್ತಿತ್ತು. ಜನರು ದೂರದ ಮೇಜುಗಳಿಂದ ಕಾಗದ ಕಳಿಸಿ, ಬಹಳ ಹೊತ್ತಿನ ಮೇಲೆ ಎದ್ದುಹೋಗಿ ನೋಡಿದರೆ ಏನೂ ಅಚ್ಚಾಗಿರುತ್ತಿರಲಿಲ್ಲ. ಅದಕ್ಕೂ ಹಿಂದಿನ ಪ್ರಿಂಟರಿನ ತಂತ್ರಾಂಶವನ್ನು ಅಲ್ಲಿಯ ರಿಚರ್ಡ್ ಸ್ಟಾಲ್‌ಮನ್ ಎಂಬವರು ತಿದ್ದಿ, ಕಾಗದ ಸಿಕ್ಕೊಡನೆ ಕಾಯುತ್ತಿರುವವರಿಗೆಲ್ಲ ಸುದ್ದಿ ಮುಟ್ಟುವಂತೆ ಮಾಡಿದ್ದರು. ಹೊಸದರ ಒಳಗುಟ್ಟನ್ನು ಮಾತ್ರ ಅವರಿಗೆ ಕೊಡಲಿಲ್ಲ. ಆ ಅಸಮಾಧಾನವೂ ಒಂದು ಕಾರಣವಾಗಿ ಅವರು 1983ರಲ್ಲಿ ಎಲ್ಲರಿಗೂ ತೆರೆದ ತಂತ್ರಾಂಶದ ಚಳವಳಿಯನ್ನು ಸಾರಿದರು. ನಮಗೆ ಇದರಿಂದ ಗ್ರಹಿಸತಕ್ಕದ್ದು ಇಷ್ಟು: ಕಣ್ಣಿಗೆ ಬೀಳದ ಯಂತ್ರವು ಕೆಟ್ಟು ನಿಂತುದು ಯಾರಿಗೂ ತಿಳಿಯುವದಿಲ್ಲ, ಪ್ರತಿಯೊಬ್ಬನೂ ಮತ್ತೊಬ್ಬನು ನೋಡುವನೆಂದು ಸುಮ್ಮನಿರುವನು. ಆದುದರಿಂದ ಕಚೇರಿಯಲ್ಲಿ ಒಬ್ಬರಿಗೆ ಅದರ ಹೊಣೆಯನ್ನು ಹೆಸರು ಹಿಡಿದು ವಹಿಸಬೇಕು.

ಆ ಹೊಣೆಗಾರನು ನೋಡತಕ್ಕ ಸಂಗತಿಗಳು ಹೆಚ್ಚಿಲ್ಲ. ಕಾಗದದ ಅಳತೆ ಎ4 ಎಂದೇ ಇರಲಿ. ತಂತ್ರಾಂಶವು ಅಮೇರಿಕೆಯ 'ಲೆಟರ್' ಅಳತೆಯನ್ನು ಕೇಳಿದರೆ ಪ್ರಿಂಟರು ಆ ಹಾಳೆ ಬರುವ ವರೆಗೆ ಹಟಹಿಡಿದು ನಿಲ್ಲಬಹುದು. ಕೆಟ್ಟ ಒಂದು ಕೆಲಸವು ಸರದಿಯ ಮುಂದೆ ನಿಂತು ಹಿಂದಿನವನ್ನೆಲ್ಲ ತಡೆದಿದ್ದರೆ ಅದನ್ನು ರದ್ದುಮಾಡಬೇಕು. ಅಚ್ಚಾಗಲಿಲ್ಲವೆಂದು ಹತ್ತು ಸಲ ಗುಂಡಿ ಒತ್ತಿದರೆ, ಸರಿಯಾದ ಮೇಲೆ ಹತ್ತು ಪ್ರತಿಗಳು ಬರುವವು. ಬ್ಯಾಡಗಿಯಂಥ ಪೇಟೆಯಲ್ಲಿ ಮೆಣಸಿನಕಾಯಿಯ ಧೂಳು ಕಾಗದ ಎಳೆಯುವ ಉರುಳೆಗಳಿಗೆ ಹತ್ತುವದು; ಯಂತ್ರವನ್ನು ಬಾಗಿಲಿನಿಂದ ದೂರವಿಟ್ಟು, ರಾತ್ರಿ ಆರಿಸಿ ತಣಿದ ಮೇಲೆ ಬಟ್ಟೆ ಮುಚ್ಚಬೇಕು. ಕೊನೆಯದಾಗಿ, ಪ್ರಿಂಟರಿನ ಕಾಯಂ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಅದರ ಮೈಮೇಲೆ ಅಂಟಿಸಬೇಕು. ನನ್ನಂಥವನು ರೈಲಿಗೆ ಹೋಗಿಬಿಟ್ಟಿದ್ದರೂ ಯಾರಾದರೊಬ್ಬರು ಅದನ್ನು ಓದಿ ಕೆಲಸ ಸಾಗಿಸಬಹುದು.

ಬ್ಯಾಡಗಿಯ ಆ ಅಂಗಡಿಯ ಪ್ರಿಂಟರಿನ ಮೇಲೆ ಅಂಥ ಚೀಟಿಯನ್ನು ನಾನೇ ಅಂಟಿಸಿದೆನು. ಮರುವರ್ಷದ ಸುಗ್ಗಿಯಲ್ಲಿ ಒಂದು ಸಾಯಂಕಾಲ ನಾನು ಅಲ್ಲಿದ್ದಾಗ ಮತ್ತೆ ಕರೆಂಟು ಹೋಗಿ ಬಂದಿತು. ಕಟ್ಟೆಯ ಮೇಲೆ ಕಾಯುತ್ತ ಕುಳಿತವರಲ್ಲಿ ರೋಣದ ಕಡೆಯ ಅದೇ ರೈತನೂ ಇದ್ದನು. ಈ ಸಲ ಅವನ ಅಣ್ಣನೂ ಜೊತೆಗೆ ಬಂದಿದ್ದನು. ನನ್ನನ್ನು ಗುರುತುಹಿಡಿದು ನಕ್ಕು, "ಏನ್ರೀ ರಾಯರ, ಈ ಸಲ ಮಿಷನ್ನಿಗೆ ತನ್ನ ಮನಿ ನಂಬರ ನೆನಪೈತೇನ್ರಿ?" ಎಂದು ಕೇಳಿದನು. ನಾನು ಉತ್ತರ ಕೊಡುವ ಮೊದಲೇ ಒಳಗಿನಿಂದ ಉರುಳೆ ತಿರುಗಿದ ಸದ್ದು ಕೇಳಿಬಂದಿತು. ಗುಮಾಸ್ತನು ಬಿಸಿಬಿಸಿಯಾದ ಪಟ್ಟಿಯನ್ನು ತಂದು ಅವನ ಕೈಗೆ ಕೊಟ್ಟನು. ಅವನು ಅದನ್ನು ತಾನು ಓದದೆ ಅಣ್ಣನ ಕೈಗಿತ್ತನು. ಅಣ್ಣನು ತೂಕವನ್ನೂ ದರವನ್ನೂ ಬೆರಳಿಟ್ಟು ಓದಿ, ನಾಲ್ಕಾಗಿ ಮಡಿಸಿ, ತಮ್ಮನ ಜೇಬಿನಲ್ಲಿಯೇ ಇಟ್ಟನು. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.